ನವಿಲಿನ ಅಡ್ಡಹೆಸರು

ಮಸ್ಕಿಯಿಂದ ಸಿಂಧನೂರಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಅಮರೇಶ್ವರಿ ಇದ್ದಳು. ಕಿಟಕಿಯ ಪಕ್ಕದ ಸೀಟಿನಲ್ಲಿ, ಹಳೆಯ ಕೌದಿಯಲ್ಲಿ ಸುತ್ತಿದ ಏನನ್ನೋ ಮಡಿಲ ಮೇಲೆ ಇಟ್ಟುಕೊಂಡು ಕುಳಿತಿದ್ದಳು. ಬಸ್ಸು ಗುಂಡಿಗೆ ಬಿದ್ದು ಕುಪ್ಪಳಿಸಿದಾಗಲೆಲ್ಲ ಆ ಗಂಟನ್ನು ಬಾಣಂತಿಯ ಹಾಗೆ ಎದೆಗೆ ಅವಚಿಕೊಳ್ಳುತ್ತಿದ್ದಳು. ಪಕ್ಕದಲ್ಲಿದ್ದ ಮುದುಕಿಗೆ ಸುಮ್ಮನಿರಲಾಗಲಿಲ್ಲ.

"ಕೂಸಿನ ಮುಖ ಪೂರಾ ಮುಚ್ಚೀಯಲ್ಲಬೇ, ಉಸಿರು ಕಟ್ಟೀತು!"

"ಕೂಸಲ್ಲಬೇ ಯವ್ವಾ, ಕಂಪ್ಯೂಟರು."

ಅಷ್ಟರಲ್ಲಿ ಕಂಡಕ್ಟರ್ ಬಂದ. "ನಿನಗ ಟಿಕೀಟು ಫ್ರೀ ಐತಿ ತಂಗಿ. ಆ ಡಬ್ಬಿಗೆ ಮಾತ್ರ ಲಗೇಜು ಹಾಕಬೇಕಾಗ್ತದ."

"ಇದೂ ಹೆಣ್ಣೇ ಐತ್ರಿ ಅಣ್ಣಾರ."

"ಹೌದೇನು? ಹಂಗಾರ ಇದರ ಆಧಾರ್ ಕಾರ್ಡ್ ತೋರ್ಸು."

ಅರ್ಧ ಬಸ್ಸು ನಕ್ಕಿತು. ಅಮರೇಶ್ವರಿಯೂ ನಕ್ಕಳು, ಆದರೆ ಅರೆಮನಸ್ಸಿನಿಂದ. "ಇದರ ಹೊಟ್ಟಿಯಾಗಿನ ಹೆಸರಿಂದೇ ತಕರಾರು ನಡದೈತ್ರಿ. ಅದಕ್ಕೇ ದವಾಖಾನಿಗೆ ಒಯ್ದಂಗ ಒಯ್ಯಾಕತ್ತೀನಿ," ಎಂದಳು. ಕಂಡಕ್ಟರ್ ಲಗೇಜಿನ ಮಾತನ್ನು ಮತ್ತೆ ಎತ್ತದೆ ಮುಂದೆ ಹೋದ.

ಆ ಗಂಟಿನ ಕಥೆ ತಿಳಿಯಬೇಕಾದರೆ ಅಮರೇಶ್ವರಿಯ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು.

ಅವಳು ಮುಕ್ಕುಂದದಲ್ಲಿ ಹುಟ್ಟಿದವಳು. ಹುಟ್ಟಿದಾಗ ಅವಳಿಗಿಟ್ಟ ಹೆಸರು ನಿಂಗಮ್ಮ. ಅದು ಅಜ್ಜಿಯ ಹೆಸರು. ಆದರೆ ಕೂಸು ತೊಟ್ಟಿಲಲ್ಲಿ ನಗುವುದಕ್ಕಿಂತ ಜ್ವರದಲ್ಲಿ ನರಳುವುದೇ ಹೆಚ್ಚಾಯಿತು. ಹಿರಿಯರು, "ಅಜ್ಜಿ ಹೆಸರು ಇದಕ್ಕ ಭಾರ ಆಗೈತಿ," ಎಂದು ತೀರ್ಮಾನಿಸಿ ಗುರುಗುಂಟದ ಗುಡಿಗೆ ಕರೆದೊಯ್ದು, ಅಲ್ಲಿಯ ದೇವರ ಹೆಸರನ್ನೇ ಹೊಸದಾಗಿ ಇಟ್ಟು ಕರೆತಂದರು. ಜ್ವರ ಬಿಟ್ಟಿತು, ಕೂಸು ಮೈ ತುಂಬಿಕೊಂಡಿತು. ಬುದ್ಧಿ ಬಂದಾಗಿನಿಂದ ಈ ಕಥೆಯನ್ನು ಕೇಳುತ್ತಲೇ ಬೆಳೆದ ಅಮರೇಶ್ವರಿಗೆ, ಹೆಸರು ಬದಲಾದರೆ ಹಣೆಬರಹ ಬದಲಾಗುತ್ತದೆ ಎಂಬುದು ಗಾದೆಯಲ್ಲ, ಸ್ವಂತ ಮೈ ಕಂಡ ಸತ್ಯ.

ಏಳನೆಯ ತರಗತಿಯವರೆಗೆ ಓದಿ, ಮುಂದೆ ಮಸ್ಕಿಗೆ ಸೊಸೆಯಾಗಿ ಬಂದಳು. ಗಂಡ ಹುಲಿಗೇಶ ಗಾರೆಯ ಕೆಲಸದವನು. ಅತ್ತೆ ಆದಮ್ಮ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ನವಿಲು, ಬಾಳೆಲೆ, ತೊಟ್ಟಿಲುಗಳನ್ನು ಬಣ್ಣದ ತುಂಡುಗಳಲ್ಲಿ ಕೂಡಿಸುತ್ತಿದ್ದಳು. ಸೊಸೆ ಅತ್ತೆಯಿಂದ ಸೂಜಿ ಹಿಡಿಯುವುದನ್ನು ಕಲಿತಳು. ಆಮೇಲೆ ತಾನಾಗಿ ಹೊಲಿಗೆಯ ಯಂತ್ರವನ್ನೂ ಕಲಿತಳು. ಬೀದಿಯ ಹೆಣ್ಣುಮಕ್ಕಳ ರವಿಕೆಗಳೆಲ್ಲ ಅವಳ ಕೈಯಿಂದಲೇ ಬರತೊಡಗಿದವು.

ಅದೇ ಬೀದಿಯ ಮುನ್ನಿಬೀ ಮಹಿಳಾ ಸಂಘದ ಅಧ್ಯಕ್ಷೆ. ಮಾತು ಖಾರ, ಮನಸ್ಸು ಬೆಲ್ಲ. ಸಂಘದಲ್ಲಿದ್ದವರು ಹೆಚ್ಚಾಗಿ ಕಾಲುವೆ ಬಯಲಿನ ಗದ್ದೆಗಳಿಗೆ ನಾಟಿಗೆ, ಕಳೆಗೆ, ಹತ್ತಿ ಬಿಡಿಸುವುದಕ್ಕೆ ಹೋಗುವವರು. ಮಸ್ಕಿಯ ಬೇಸಿಗೆ ಎಂಥದೆಂದು ಬೆನ್ನಿನ ಮೇಲೆ ಹೊತ್ತವರಿಗೆ ಮಾತ್ರ ಗೊತ್ತು. "ನೆಳ್ಳಾಗ ಕೂತು ಮಾಡೋ ಕೆಲಸ ಒಂದು ಬೇಕು," ಎಂಬುದು ಅವರೆಲ್ಲರ ಒಂದೇ ಆಸೆ. ಮುನ್ನಿಬೀ ಆ ಆಸೆಯನ್ನು ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡಿ, ಕೊನೆಗೆ ಸಂಘಕ್ಕೆ ಒಂದು ಕಂಪ್ಯೂಟರ್ ಕಸೂತಿ ಯಂತ್ರವನ್ನು ಮಂಜೂರು ಮಾಡಿಸಿಕೊಂಡು ಬಂದಳು. ಜೊತೆಗೊಂದು ಸಾದಾ ಕಂಪ್ಯೂಟರು. ಯಂತ್ರವನ್ನು ಎಲ್ಲಿಡುವುದು ಎಂಬ ಪ್ರಶ್ನೆ ಎದ್ದಾಗ ಎಲ್ಲರೂ ಹುಲಿಗೇಶನ ಮನೆಯನ್ನೇ ತೋರಿಸಿದರು. ಗಾರೆಯವನ ಮನೆ, ಮಾಳಿಗೆ ಸೋರುವುದಿಲ್ಲ. ಮೇಲಾಗಿ ಅಮರೇಶ್ವರಿಗೆ ಹೊಲಿಗೆ ಗೊತ್ತು, ಅಕ್ಷರವೂ ಗೊತ್ತು.

ಯಂತ್ರ ಕೂರಿಸಲು ಬಂದ ಮೆಕ್ಯಾನಿಕ್ ಅವಸರದವನು. ತನ್ನ ಪೆನ್‌ಡ್ರೈವನ್ನು ಯಂತ್ರಕ್ಕೆ ಚುಚ್ಚಿ ಒಂದು ಹೂವನ್ನು ಹೊಲಿಸಿ ತೋರಿಸಿದ. ಸೂಜಿ ತಾನೇ ತಾನಾಗಿ ಟಕಟಕ ಓಡಿ ಬಟ್ಟೆಯ ಮೇಲೆ ಗುಲಾಬಿ ಅರಳಿದಾಗ ಹೆಂಗಸರೆಲ್ಲ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಇನ್ನ ನಕ್ಷಿ ಬೇಕಾದಷ್ಟು ಅದಾವ್ರಿ, ನಿಮ್ಮ ಕಂಪ್ಯೂಟರಿಗೆ ಹಾಕೀನಿ. ನಿಮ್ಮ ಪೆನ್‌ಡ್ರೈವಿಗೆ ತುಂಬಿ ಇದಕ್ಕ ಚುಚ್ಚಿದ್ರ ಮುಗೀತು," ಎಂದು ಹೇಳಿ, ಚಹಾ ಕುಡಿದು, ತನ್ನ ಪೆನ್‌ಡ್ರೈವ್ ಕಿತ್ತುಕೊಂಡು ಹೊರಟೇಬಿಟ್ಟ.

ಯುಗಾದಿ ಹತ್ತಿರ ಬಂದಿತ್ತು. ಮನೆಯ ಮೂಲೆಮೂಲೆ ಕೊಡವಿ, ಪಾತ್ರೆ ಬೆಳಗಿ, ಕೌದಿಗಳನ್ನು ಒಗೆದು ಹಾಕಿದ ಮೇಲೆ ಅಮರೇಶ್ವರಿಯ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಮೇಲಿನ ಧೂಳನ್ನು ಒರೆಸಿದಳು. ಒಳಗೂ ಒಮ್ಮೆ ಓರಣ ಮಾಡೋಣವೆಂದು ತೆರೆದರೆ ಆಶ್ಚರ್ಯ: ಇಂಗ್ಲಿಷ್ ಅಕ್ಷರದಲ್ಲಿ ನವಿಲು, ನವಿಲು, ನವಿಲು ಎಂದು ಒಂದೇ ಹೆಸರು ಮೂರು ಸಲ. ಕಮಲವೂ ಮೂರು ಸಲ. ಬಾಳೆಲೆಯೂ ಮೂರು.

ಒಂದೊಂದನ್ನೇ ಒತ್ತಿ ನೋಡಿದಳು. ಮೂರರಲ್ಲಿ ಒಂದು ನವಿಲಿನ ಚಿತ್ರವನ್ನು ಚೆಂದಾಗಿ ತೋರಿಸಿತು. ಉಳಿದೆರಡು ತೆರೆಯಲೇ ಇಲ್ಲ. ಇದನ್ನು ಯಾವುದರಿಂದ ತೆರೆಯಲಿ ಎಂದು ಕಂಪ್ಯೂಟರೇ ಅವಳನ್ನು ತಿರುಗಿ ಕೇಳಿತು.

"ಅತ್ತೀ, ಒಂದ ಹೆಸರಿನವು ಮೂರು ಮೂರು ಅದಾವ. ಎರಡರಾಗ ಏನೂ ಕಾಣವಲ್ದು."

ಆದಮ್ಮ ಜೋಳ ಹಸನು ಮಾಡುತ್ತ ಕುಳಿತಿದ್ದಳು. "ಕಾಣದಿದ್ರ ಪೊಳ್ಳು. ಪೊಳ್ಳು ಮೊರದಾಗ ಯಾಕಿರಬೇಕು? ತೂರು," ಎಂದಳು.

ಅಮರೇಶ್ವರಿ ತೂರಿದಳು. ಚಿತ್ರ ಕಾಣುವುದನ್ನು ಇಟ್ಟುಕೊಂಡು ಕಾಣದವುಗಳನ್ನೆಲ್ಲ ಅಳಿಸಿದಳು. ಎಲ್ಲ ಹೆಸರೂ ಒಂದೊಂದೇ ಆಗಿ ಸಾಲಾಗಿ ನಿಂತಾಗ ಪಾತ್ರೆ ಜೋಡಿಸಿದ ಗೂಡಿನಂತೆ ಕಂಡು ಮನಸ್ಸಿಗೆ ತೃಪ್ತಿಯಾಯಿತು.

ಹಬ್ಬ ಮುಗಿದ ಮೇಲೆ ಸಂಘದ ಹೆಂಗಸರು ಕೂಡಿದರು. ಅಮರೇಶ್ವರಿ ನವಿಲನ್ನು ಪೆನ್‌ಡ್ರೈವಿಗೆ ತುಂಬಿ ಯಂತ್ರಕ್ಕೆ ಚುಚ್ಚಿದಳು. ಯಂತ್ರದ ಪುಟ್ಟ ಪರದೆ ಖಾಲಿ ಇತ್ತು. ತೆಗೆದು ಮತ್ತೆ ಚುಚ್ಚಿದಳು. ಕಮಲವನ್ನು ತುಂಬಿದಳು, ಬಾಳೆಲೆಯನ್ನು ತುಂಬಿದಳು. ಪರದೆ ಖಾಲಿಯೇ.

"ಕಂಪ್ಯೂಟರಿನಾಗ ನವಿಲು ಕುಣೀತೈತಿ, ಮಿಷನ್ನಿನಾಗ ಕುರುಡಾಗೈತಿ," ಎಂದು ಒಬ್ಬಳು ನಕ್ಕಳು. ಅಮರೇಶ್ವರಿಯ ಮುಖ ಕೆಂಪಾಯಿತು.

ಮೆಕ್ಯಾನಿಕ್‌ಗೆ ಫೋನು ಮಾಡಿದಳು. ಅವನು ಎಲ್ಲೋ ಗದ್ದಲದಲ್ಲಿದ್ದ. "ಡಿಎಸ್‌ಟಿ ಇರಬೇಕ್ರಿ, ಡಿಎಸ್‌ಟಿ! ಅದಿಲ್ದ ಮಿಷನ್ ತಗೊಳ್ಳಂಗಿಲ್ಲ," ಎಂದವನೇ ಇಟ್ಟುಬಿಟ್ಟ. ಮತ್ತೆ ಎತ್ತಲಿಲ್ಲ.

ಡಿಎಸ್‌ಟಿ ಎಂದರೆ ಏನೆಂದು ಅವಳಿಗೆ ತಿಳಿಯದು. ಆದರೆ ಯಂತ್ರ ಆ ಹೆಸರನ್ನು ಕೇಳುತ್ತಿದೆ ಎಂಬುದಷ್ಟು ತಿಳಿಯಿತು. ಹೆಸರು ತಾನೇ? ಅವಳಿಗೆ ದಾರಿ ಸಿಕ್ಕಂತಾಯಿತು. ಹೆಸರು ಬದಲಾದ ಮೇಲಲ್ಲವೇ ತನ್ನ ಜ್ವರ ಬಿಟ್ಟದ್ದು! ನವಿಲಿನ ಹೆಸರಿನ ಕೊನೆಗೆ ಒಂದು ಚುಕ್ಕಿ ಇಟ್ಟು ಡಿಎಸ್‌ಟಿ ಎಂದು ಬರೆದಳು. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಕಮಲಕ್ಕೂ ಬಾಳೆಲೆಗೂ ಹಾಗೆಯೇ ನಾಮಕರಣವಾಯಿತು. ಪೆನ್‌ಡ್ರೈವನ್ನು ಯಂತ್ರಕ್ಕೆ ಚುಚ್ಚುವಾಗ ಗುರುಗುಂಟದ ಕಡೆ ಮುಖಮಾಡಿ ಕೈಯನ್ನೂ ಮುಗಿದಳು.

ಪರದೆ ಖಾಲಿ.

ಮರುದಿನ ಮುನ್ನಿಬೀ ಬಂದು ಕಟ್ಟೆಯ ಮೇಲೆ ಕುಳಿತಳು. ಚಹಾ ಬೇಡವೆಂದಳು. ಮುನ್ನಿಬೀ ಚಹಾ ಬೇಡವೆಂದರೆ ಸುದ್ದಿ ಒಳ್ಳೆಯದಲ್ಲ.

"ನೋಡು ಅಮರೇಶ್ವರಿ, ಕಚೇರಿ ಮೇಡಮ್ಮನೋರು ಫೋನ್ ಮಾಡಿದ್ರು. ಮಿಷನ್ ಸುಮ್ಮ ಕೂತೈತಿ ಅನ್ನೋ ಖಬರು ಅವರಿಗೆ ಹೋಗೈತಿ. ಶುಕ್ರವಾರ ಬರ್ತಾರಂತ. ನಡೀಲಿಲ್ಲಂದ್ರ ಲಿಂಗಸುಗೂರು ಸಂಘಕ್ಕ ಕೊಡ್ತಾರಂತ. ಅಲ್ಲಿ ಹೆಣ್ಮಕ್ಳು ಆಗ್ಲೇ ಗಾಡಿ ಮಾತಾಡ್ಯಾರ."

"ಒಂದು ನಾಕ್ ದಿನ ಕೇಳ್ರಿ ಆಪಾ."

"ನಾ ಕೇಳಲಿಲ್ಲ ಅಂತ ತಿಳದೀಯೇನು? ಬಾಯಿ ಒಣಗೂ ತನಕ ಕೇಳೀನಿ." ಮುನ್ನಿಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮ ಹುಡುಗೀರು ಮತ್ತ ಬಿಸಲಾಗ ಕಳೇಕ ಹೋಗಬೇಕಾಗ್ತದ ನೋಡು. ನಿನ್ನ ಮ್ಯಾಲ ಭರೋಸಾ ಇಟ್ಟು ನಿನ್ನ ಮನ್ಯಾಗ ಇಡ್ಸೀನಿ."

ಬೈದಿದ್ದರೆ ಅಮರೇಶ್ವರಿ ತಡೆದುಕೊಳ್ಳುತ್ತಿದ್ದಳು. ಆ ಭರೋಸಾ ಎಂಬ ಮಾತು ಎದೆಯಲ್ಲಿ ಸೂಜಿಯಂತೆ ಕೂತಿತು. ಊಟಕ್ಕೆ ಕುಳಿತಾಗಲೂ ಅವಳ ಕಣ್ಣು ಯಂತ್ರದ ಮೇಲೆಯೇ ಇತ್ತು.

ಹುಲಿಗೇಶ ಹೆಂಡತಿಯನ್ನು ನೋಡಿ ನೋಡಿ, "ಗೋಡಿ ಸೊಟ್ಟಾದ್ರ ಸುಣ್ಣ ಬಳದು ಮುಚ್ಚಾಕ ಆಗಂಗಿಲ್ಲ. ಕೆಡವಿ ನೋಡಬೇಕು. ಗೊತ್ತಿದ್ದೋರನ್ನ ಕೇಳ್ಬಾರ್ದೇನು?" ಎಂದ.

"ಯಾರನ್ನ ಕೇಳ್ಲಿ?"

"ಲಿಂಗಸುಗೂರಿನ ಟ್ರೇನಿಂಗಿನಾಗ ಒಬ್ಬಾಕಿ ದೋಸ್ತಿ ಆಗಿದ್ಲಲ್ಲ, ಕ್ಯಾಂಪಿನಾಕಿ? ಆಕೀ ಬಗ್ಗೆ ಆರು ತಿಂಗಳು ನನ್ನ ಕಿವಿ ತಿಂದಿದ್ದಿ. ಈಗ ಆಕೀ ಕಿವಿ ತಿನ್ನು."

ಆ ಕ್ಯಾಂಪಿನವಳೇ ಅನುಪಮಾ. ಸಿಂಧನೂರಿನ ಬಳಿಯ ಆರ್.ಎಚ್. ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು. ಅಜ್ಜ ಅಜ್ಜಿ ಬಂಗಾಳದ ಕಡೆಯಿಂದ ನಿರಾಶ್ರಿತರಾಗಿ ಬಂದು, ಸರ್ಕಾರ ಕೊಟ್ಟ ಈ ಪುನರ್ವಸತಿ ಕ್ಯಾಂಪಿನಲ್ಲಿ ನೆಲೆಸಿ ಭತ್ತ ಬೆಳೆದವರು. ಮನೆಯಲ್ಲಿ ಬಂಗಾಳಿ, ಹೊರಗೆ ಅಪ್ಪಟ ರಾಯಚೂರು ಸೀಮೆಯ ಕನ್ನಡ. ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದಳು. ರಜೆಯ ದಿನ ಮನೆಯಲ್ಲಿ ಕಸೂತಿಯ ನಕ್ಷೆಗಳನ್ನು ತಯಾರಿಸುತ್ತಿದ್ದಳು. ಲಿಂಗಸುಗೂರಿನ ಹೊಲಿಗೆ ತರಬೇತಿಯಲ್ಲಿ ಅವಳು ತನ್ನ ಅಜ್ಜಿ ಹೊಲಿದ ಕಾಂತಾ ಹೊದಿಕೆಯನ್ನು ಬಿಡಿಸಿ ತೋರಿಸಿದಾಗ, ಅಮರೇಶ್ವರಿ, "ಅಯ್ಯ, ಇದು ನಮ್ಮ ಅತ್ತಿ ಕೌದಿ!" ಎಂದು ಕೂಗಿದ್ದಳು. ಅಂದಿನಿಂದ ಇಬ್ಬರೂ ಗೆಳತಿಯರು.

ಫೋನಿನಲ್ಲಿ ಎಲ್ಲವನ್ನೂ ಕೇಳಿದ ಅನುಪಮಾ ಹೇಳಿದ್ದು ಒಂದೇ ಮಾತು: "ನೀ ಬಾಯಿಲೆ ಹೇಳೋದು ನನಗ ತಿಳೀವಲ್ದು. ಡಬ್ಬೀನ ತಗೊಂಡು ಬಾ. ಬರೇ ಡಬ್ಬಿ ಸಾಕು, ಟೀವಿಯಂಥಾ ಪರದೆ ನಮ್ಮನ್ಯಾಗ ಐತಿ."

ಆ ಬೆಳಿಗ್ಗೆ ಬಸ್ಸಿನಲ್ಲಿ ಕೌದಿಯೊಳಗೆ ಹೊರಟಿದ್ದುದು ಆ ಡಬ್ಬಿ. ಅಂದು ಬುಧವಾರ.

ಅನುಪಮಾ ಅರ್ಧ ದಿನ ರಜೆ ಹಾಕಿ ಮನೆಯಲ್ಲಿ ಕಾದಿದ್ದಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ತಂತಿಗಳನ್ನು ಜೋಡಿಸಿ, ಕಡತಗಳ ಗೂಡನ್ನು ತೆರೆದಳು. ಸಾಲಾಗಿ ನಿಂತ ಹೆಸರುಗಳನ್ನು ನೋಡಿ ಹುಬ್ಬೇರಿಸಿದಳು.

"ನವಿಲು ಚುಕ್ಕಿ ಡಿಎಸ್‌ಟಿ ಅಂತ ಐತಿ. ಇದನ್ನ ಯಾರು ಬರದ್ರು?"

"ನಾನೇ. ಡಿಎಸ್‌ಟಿ ಇರಬೇಕು ಅಂದನಲ್ಲ ಮೆಕ್ಯಾನಿಕ್ಕು. ಇಟ್ಟೆ."

ಅನುಪಮಾ ನಗಲಿಲ್ಲ. "ಮೊದಲು ಇವುಗಳ ಪೂರ್ತಿ ಹೆಸರು ನೋಡೋಣ. ಕಂಪ್ಯೂಟರು ಅರ್ಧ ಹೆಸರು ಮುಚ್ಚಿಟ್ಟಿರ್ತದ," ಎಂದು, ಮೇಲ್ಭಾಗದಲ್ಲಿದ್ದ 'ವ್ಯೂ' ಎಂಬುದನ್ನು ಒತ್ತಿದಳು. ಅಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬ ಸಾಲು, ಅದರ ಪಕ್ಕದಲ್ಲಿ ಒಂದು ಚಿಕ್ಕ ಖಾಲಿ ಚೌಕ. "ಇಲ್ಲಿ ನೀನೇ ಒತ್ತು."

ಅಮರೇಶ್ವರಿ ಒತ್ತಿದಳು. ಚೌಕದಲ್ಲಿ ಗುರುತು ಬಿತ್ತು. ಆ ಕೂಡಲೇ ಎಲ್ಲ ಹೆಸರುಗಳಿಗೂ ಬಾಲ ಮೂಡಿತು. ಅವಳು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬೆರಳಿಟ್ಟು ಓದಿದಳು: ನವಿಲು, ಚುಕ್ಕಿ, ಡಿಎಸ್‌ಟಿ, ಚುಕ್ಕಿ, ಜೆಪಿಜಿ.

"ಈ ಜೆಪಿಜಿ ಎಲ್ಲಿಂದ ಬಂತು? ನಾ ಬರದೇ ಇಲ್ಲ!"

"ಮೊದಲಿಂದೂ ಇತ್ತು. ಜೆಪಿಜಿ ಅಂದ್ರ ಫೋಟೋ. ನೀ ಇಟ್ಟ ಡಿಎಸ್‌ಟಿ ನಡುವಿನ ಹೆಸರಾತು ಅಷ್ಟೇ. ಕಡೀ ಚುಕ್ಕಿ ಆದಮ್ಯಾಲ ಇರೋದೇ ಅದರ ಕಸುಬು. ಅದನ್ನ ನೋಡೇ ಕಂಪ್ಯೂಟರು ಇದನ್ನ ಯಾರ ಕೈಗೆ ಕೊಡಬೇಕು ಅಂತ ತಿಳಕೊಂತದ. ನಿನ್ನ ಮಿಷನ್ನೂ ಅಷ್ಟೇ, ಡಿಎಸ್‌ಟಿ ಬಾಲ ಇದ್ದೋರಿಗೆ ಮಾತ್ರ ಬಾಗಲ ತೆಗೀತದ."

ಅಮರೇಶ್ವರಿ ಆ ಬಾಲದ ಮೇಲೆ ಇನ್ನೊಮ್ಮೆ ಬೆರಳಾಡಿಸಿದಳು. ಆಮೇಲೆ ಮೊಣಕಾಲಿಗೆ ಹೊಡೆದುಕೊಂಡಳು. "ಅಡ್ಡಹೆಸರು! ನಮ್ಮ ಓಣಿಯಾಗ ಮೂರು ಮಂದಿ ಯಂಕೋಬ ಅದಾರ. ಯಂಕೋಬ ಬಡಿಗೇರ, ಯಂಕೋಬ ಕಂಬಾರ, ಯಂಕೋಬ ಹೂಗಾರ. ಬರೇ ಯಂಕೋಬ ಅಂದ್ರ ಯಾರು ಅಂತ ಪೋಸ್ಟಿನೋನಿಗೂ ತಿಳಿಯಂಗಿಲ್ಲ. ಬಾಗಲ ರಿಪೇರಿಗೆ ಹೂಗಾರ ಬಂದು ಕೂತ್ರ ಏನ್ ಮಾಡ್ತಾನ? ಮಾಲಿ ಕಟ್ತಾನ."

"ಹಾಂ, ಅದೇ."

"ಮತ್ತ ಇಂಥಾ ಜರೂರಿ ಹೆಸರು ಮುಚ್ಚಿಟ್ಟೋರು ಯಾರಬೇ?"

"ಕಂಪ್ಯೂಟರ್ ಮಾಡಿದೋರು. ಮಂದಿಗೆ ಗೊಂದಲ ಆಗಬಾರ್ದು ಅಂತ."

"ಚಲೋ ಆತು! ಗೊಂದಲ ಆಗಬಾರ್ದು ಅಂತ ಮುಚ್ಚಿ ನನ್ನ ನಿದ್ದಿ ಕೆಡಿಸ್ಯಾರ," ಎಂದ ಅಮರೇಶ್ವರಿ ತಟ್ಟನೆ ಹುರುಪಾದಳು. "ಹಂಗಾರ ಈ ಜೆಪಿಜಿ ತೆಗದುಬಿಡ್ತೀನಿ. ಡಿಎಸ್‌ಟಿ ಕಡೀಗೆ ಬರ್ತದ, ಮಿಷನ್ ಬಾಗಲ ತೆಗೀತದ."

ಅನುಪಮಾ ಬೇಡವೆನ್ನಲಿಲ್ಲ. "ಮಾಡಿ ನೋಡು," ಎಂದಳು.

ಜೆಪಿಜಿಯನ್ನು ಅಳಿಸಿದ ಕೂಡಲೇ ಕಂಪ್ಯೂಟರ್ ಅಡ್ಡ ಬಂದು, ಹೀಗೆ ಮಾಡಿದರೆ ಈ ಕಡತ ಉಪಯೋಗಕ್ಕೆ ಬಾರದೆ ಹೋಗಬಹುದು, ಬದಲಿಸಲೇ ಎಂದು ಕೇಳಿತು. ಅಮರೇಶ್ವರಿ ಹೌದೆಂದು ಒತ್ತಿದಳು. ನವಿಲಿನ ಪುಟ್ಟ ಚಿತ್ರ ಮಾಯವಾಗಿ ಬಿಳಿಯ ಹಾಳೆಯ ಗುರುತು ಬಂದಿತು. ಅನುಪಮಾ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಸೂತಿಯ ಸಾಫ್ಟ್‌ವೇರಿನಲ್ಲಿ ಅದನ್ನು ತೆರೆಯಹೋದಳು. ಒಳಗೆ ಒಂದು ಹೊಲಿಗೆಯೂ ಇಲ್ಲವೆಂದು ಅದು ತಳ್ಳಿಹಾಕಿತು. ಫೋಟೋ ಎಂದು ತೆರೆಯಹೋದಳು, ಅದೂ ಇಲ್ಲ.

"ಅಯ್ಯಯ್ಯ, ಇದ್ದ ನವಿಲೂ ಹಾರಿಹೋತು!"

"ಎಲ್ಲೂ ಹೋಗಿಲ್ಲ ತಡಿ. ಹೂಗಾರನಿಗೆ ಬಡಿಗೇರ ಅಂತ ಹೆಸರಿಟ್ರ ಕೈಯಾಗ ಉಳಿ ಹಿಡೀತಾನೇನು? ಅವನು ಹೂಗಾರನೇ. ಕರದು ನೋಡು, ಅವನ ಹೆಸರಿಲೇ."

ಅಮರೇಶ್ವರಿ ಮತ್ತೆ ಚುಕ್ಕಿ ಇಟ್ಟು ಜೆಪಿಜಿ ಎಂದು ಬರೆದಳು. ನವಿಲು ಗರಿ ಬಿಚ್ಚಿ ಹಾಗೆಯೇ ನಿಂತಿತು, ಒಂದು ಗೆರೆಯೂ ಮಾಸಿರಲಿಲ್ಲ. ಅವಳಿಗೆ ಸಮಾಧಾನವಾಯಿತು. ಆದರೆ ಆ ಸಮಾಧಾನದ ಹಿಂದೆಯೇ ಇನ್ನೊಂದು ಮಾತು ಹೊಳೆಯಿತು.

"ಅನುಪಮಾ, ಹಂಗಾರ ಖರೇ ಡಿಎಸ್‌ಟಿ ಎಲ್ಲೈತಿ?"

"ಅದನ್ನೇ ನಾ ಹುಡುಕಾಕತ್ತೀನಿ. ಒಂದೊಂದು ನಕ್ಷಿಗೆ ಮೂರು ಇರಬೇಕು. ಒಂದು ಫೋಟೋ, ನಮಗ ನೋಡಾಕ. ಒಂದು ಡಿಎಸ್‌ಟಿ, ಮಿಷನ್ನಿಗೆ. ಇನ್ನೊಂದು ನಕ್ಷಿ ತಿದ್ದೋರಿಗೆ. ಇಲ್ಲಿ ಬರೇ ಫೋಟೋ ಅದಾವ."

ಅಮರೇಶ್ವರಿ ಕೀಲಿಮಣೆಯಿಂದ ಕೈ ತೆಗೆದಳು. "ಮೂರಿದ್ದವು. ಎರಡು ಪೊಳ್ಳು ಅಂತ ತೂರಿದೆ."

ಕಣ್ಣಿಗೆ ಕಾಣುವ ಫೋಟೋವನ್ನು ಕಾಳೆಂದು ಇಟ್ಟುಕೊಂಡು, ಕಾಣದ ಕಾಳನ್ನು ಪೊಳ್ಳೆಂದು ಎಸೆದಿದ್ದಳು. ಶುಕ್ರವಾರಕ್ಕೆ ಉಳಿದದ್ದು ನಾಳೆಯ ದಿನವೊಂದೇ. ಬಿಸಿಲಿನಲ್ಲಿ ಬಾಗಿ ಕಳೆ ಕೀಳುವ ಬೆನ್ನುಗಳು ಸಾಲಾಗಿ ಅವಳ ಕಣ್ಣ ಮುಂದೆ ಬಂದವು.

ಅನುಪಮಾ ಮೆಲ್ಲಗೆ ಕೇಳಿದಳು: "ಅಳಿಸಿದ ಮ್ಯಾಲ ಕಸದ ಬುಟ್ಟಿ ಖಾಲಿ ಮಾಡಿದೇನು? ಪರದೆ ಮ್ಯಾಲ ಒಂದು ಬುಟ್ಟಿ ಇರ್ತದಲ್ಲ, ಅದನ್ನ?"

"ಇಲ್ಲ."

"ಖರೇ? ಯಾಕ?"

ಅಮರೇಶ್ವರಿ ಇದೆಂಥ ಪ್ರಶ್ನೆ ಎಂಬಂತೆ ಅವಳನ್ನು ನೋಡಿದಳು. "ನಾ ಹಸನು ಮಾಡಿ ಮುಗಿಸೂದ್ರಾಗ ಅತ್ತಿ ದೀಪ ಹಚ್ಚಿದ್ಲು. ದೀಪ ಹಚ್ಚಿದ ಮ್ಯಾಲ ಯಾರಾರ ಕಸ ಹೊರಗ ಚೆಲ್ತಾರೇನಬೇ? ಲಕ್ಷ್ಮಿ ಹೋಗಂಗಿಲ್ಲೇನು? ಮುಂಜಾನಿ ಚೆಲ್ಲಿದ್ರಾತು ಅಂತ ಮೂಲಿಗೆ ಇಟ್ಟೆ. ಹಬ್ಬದ ಗದ್ದಲದಾಗ ಮರತೆ."

ಅನುಪಮಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನಗತೊಡಗಿದಳು. ನಗುತ್ತಲೇ ಬುಟ್ಟಿಯನ್ನು ತೆರೆದಳು. ಬಾಲವಿದ್ದ ಹೆಸರುಗಳು ಅಲ್ಲಿ ರಾಶಿ ಬಿದ್ದಿದ್ದವು: ನವಿಲು ಚುಕ್ಕಿ ಡಿಎಸ್‌ಟಿ, ಕಮಲ ಚುಕ್ಕಿ ಡಿಎಸ್‌ಟಿ, ಬಾಳೆಲೆ ಚುಕ್ಕಿ ಡಿಎಸ್‌ಟಿ. ಈ ಸಲ ಡಿಎಸ್‌ಟಿಯ ನಂತರ ಏನೂ ಇರಲಿಲ್ಲ.

"ನಿನ್ನ ಲಕ್ಷ್ಮಿ ಇಲ್ಲೇ ಅದಾಳ ನೋಡು," ಎಂದಳು.

ಒಂದೊಂದನ್ನೂ ಮತ್ತೆ ಅದರ ಜಾಗಕ್ಕೆ ಕರೆತಂದದ್ದು ಅಮರೇಶ್ವರಿಯೇ. ಒಂದನ್ನು ತೆರೆದಾಗ ಅನುಪಮಾಳ ಲ್ಯಾಪ್‌ಟಾಪಿನ ಪರದೆಯ ಮೇಲೆ ನವಿಲು ಬಣ್ಣದಲ್ಲಿ ಅಲ್ಲ, ಸಣ್ಣ ಸಣ್ಣ ಹೊಲಿಗೆಗಳ ದಾರಿಯಾಗಿ ಮೂಡಿತು. ಇಲ್ಲಿಂದ ಸೂಜಿ ಇಳಿಯಬೇಕು, ಇಲ್ಲಿ ಏಳಬೇಕು, ಇಲ್ಲಿ ದಾರ ಬದಲಾಗಬೇಕು. ಅತ್ತೆ ಕೌದಿಯ ಮೇಲೆ ಬೆರಳಿನಿಂದ ತೋರಿಸುತ್ತಿದ್ದ ದಾರಿಯೂ ಇಂಥದೇ ಎಂದು ಅವಳಿಗೆ ಅನ್ನಿಸಿತು. ಚಿತ್ರ ಬೇರೆ, ಹೊಲಿಗೆಯ ದಾರಿ ಬೇರೆ. ಎರಡಕ್ಕೂ ಹೆಸರು ಮಾತ್ರ ನವಿಲು. ಹೊರಡುವಾಗ ಅನುಪಮಾ ಬಸ್ಸಿನ ಬಾಗಿಲ ತನಕ ಬಂದು, "ಹೆಸರು ಏನಾರ ಇಡು, ಅಡ್ಡಹೆಸರು ಮುಟ್ಟಬ್ಯಾಡ," ಎಂದು ಕೂಗಿ ಹೇಳಿದಳು. ಜನ ತಿರುಗಿ ನೋಡಿದರು.

ಶುಕ್ರವಾರ ಕಚೇರಿಯ ಮೇಡಂ ಬರುವ ಮೊದಲೇ ಲಿಂಗಸುಗೂರಿನವರು ಬಂದಿದ್ದರು. ಬಾಗಿಲ ಮುಂದೆ ಸಾಮಾನು ಸಾಗಿಸುವ ಸಣ್ಣ ಗಾಡಿ ನಿಂತಿತ್ತು. ಅದರಲ್ಲಿ ಯಂತ್ರ ಕಟ್ಟಲು ಹಗ್ಗವೂ ಹಳೆಯ ಹಾಸಿಗೆಯೂ ಇದ್ದವು. ಮುನ್ನಿಬೀ ಆ ಹಗ್ಗವನ್ನು ಹಾವು ನೋಡಿದಂತೆ ನೋಡುತ್ತಿದ್ದಳು.

"ನಡೀತದೇನು?" ಎಂದು ಮೇಡಂ ಕೇಳಿದರು.

ಅಮರೇಶ್ವರಿ ಪೆನ್‌ಡ್ರೈವ್ ಚುಚ್ಚಿದಳು. ಯಂತ್ರದ ಪರದೆಯ ಮೇಲೆ ನವಿಲು ಎಂಬ ಹೆಸರು ಮೂಡಿತು. ಮುನ್ನಿಬೀಯ ಬಾಯಿಂದ "ಯಾ ಅಲ್ಲಾ" ಎಂಬ ಮಾತು ತಾನಾಗಿ ಹೊರಟಿತು. ಗುಂಡಿ ಒತ್ತಿದ ಮೇಲೆ ಸೂಜಿ ಇಳಿಯಿತು, ಎದ್ದಿತು, ಓಡಿತು. ಕೊಕ್ಕು ಬಂತು, ಕುತ್ತಿಗೆ ಬಂತು. ಅಷ್ಟರಲ್ಲಿ ದಾರ ತುಂಡಾಗಿ ಯಂತ್ರ ಕೂಗಿ ನಿಂತಿತು. ಎಲ್ಲರೂ ಗಾಬರಿಯಾದರು, ಅಮರೇಶ್ವರಿಯೊಬ್ಬಳನ್ನು ಬಿಟ್ಟು. ದಾರ ತುಂಡಾಗುವುದು ಅವಳಿಗೆ ಹೊಸದೇ? ತುದಿಯನ್ನು ನಾಲಿಗೆಗೆ ಸೋಕಿಸಿ, ಸೂಜಿಗೆ ಪೋಣಿಸಿ, ಮತ್ತೆ ಒತ್ತಿದಳು. ಗರಿಗಳು ಒಂದೊಂದಾಗಿ ಬಿಚ್ಚಿಕೊಂಡವು.

ಮೇಡಂ ಬಟ್ಟೆಯನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದರು. "ಮಿಷನ್ ಇಲ್ಲೇ ಇರಲಿ," ಎಂದರು.

ಮಸ್ಕಿಯ ಹೆಂಗಸರು ಕೂಗಾಡಿ ನಕ್ಕರು. ಲಿಂಗಸುಗೂರಿನವರು ಹಗ್ಗವನ್ನು ಸುತ್ತತೊಡಗಿದರು. ಅವರಲ್ಲಿ ಹಿರಿಯಳಾದ ಗದ್ದೆಮ್ಮ ಎಂಬಾಕೆ, "ನಡೀರಬೇ, ಬರೇ ಗಾಡಿ ಹೊಡಕೊಂಡು ಹೋಗೂದು ನಮ್ಮ ಹಣೀಯಾಗ ಬರದೈತಿ. ನಮಗೂ ಬಿಸಿಲು ಅಷ್ಟೇ ಐತಿ," ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಅಮರೇಶ್ವರಿಯ ನಗು ಅಲ್ಲಿಯೇ ನಿಂತಿತು. ತಾನು ಇಷ್ಟು ದಿನ ಹೆದರಿದ್ದು ಯಾವುದಕ್ಕೋ ಅದೇ ಈ ಹೆಂಗಸಿನ ಪಾಲಿಗೆ ಬಂದಿತ್ತು. "ಬರೇ ಗಾಡಿ ಯಾಕ ಒಯ್ತೀರಿ ಅಕ್ಕಾರ? ನಿಮಗೂ ಒಂದು ಮಿಷನ್ ಕೇಳ್ರಿ, ಇಲ್ಲೇ ಮೇಡಮ್ಮನೋರು ನಿಂತಾರಲ್ಲ. ಅದು ಬರೂ ತನಕ ನೀವು ಇಲ್ಲಿಗೆ ಬಂದು ಕಲೀರಿ. ಬಂದ ಮ್ಯಾಲ ನಾ ಅಲ್ಲಿಗೆ ಬರ್ತೀನಿ."

"ಖರೇ ಬರ್ತೀ?"

"ಬಸ್ಸು ಫ್ರೀ ಐತಿ, ಬರಾಕ ನನಗೇನು ಧಾಡಿ?"

ಮುನ್ನಿಬೀ ಕಣ್ಣರಳಿಸಿದಳು. ಆಮೇಲೆ ಮೇಡಂ ಕಡೆಗೆ ತಿರುಗಿ, "ಬರಕೊಳ್ರಿ ಮೇಡಮ್, ಲಿಂಗಸುಗೂರಿಗೂ ಒಂದು. ನಾನೂ ನಿಮ್ಮ ಬಾಗಲಿಗೆ ಬರ್ತಿರ್ತೀನಿ, ನನ್ನ ಕಾಟ ನಿಮಗ ಗೊತ್ತೈತಿ," ಎಂದಳು.

ಆ ಕಾಟದ ಫಲವಾಗಿ ಮುಂದಿನ ಮಳೆಗಾಲದ ಹೊತ್ತಿಗೆ ಲಿಂಗಸುಗೂರಿಗೂ ಯಂತ್ರ ಬಂದಿತು. ಈಗ ಗುರುವಾರಕ್ಕೊಮ್ಮೆ ಅಮರೇಶ್ವರಿ ಅಲ್ಲಿಗೆ ಹೋಗುತ್ತಾಳೆ. ಯಾರ ಮನೆಯ ಕಂಪ್ಯೂಟರಿನ ಮುಂದೆ ಕುಳಿತರೂ ಅವಳ ಕೈ ಮೊದಲು ಹೋಗುವುದು ಆ ಚಿಕ್ಕ ಚೌಕಕ್ಕೆ. "ಮೊದಲು ಅಡ್ಡಹೆಸರು ಕಾಣಂಗ ಮಾಡ್ರಿ, ಆಮ್ಯಾಲ ಹಸನು ಮಾಡ್ರಿ," ಎನ್ನುತ್ತಾಳೆ. ಆ ರೂಢಿ ಫೋನಿಗೂ ಹತ್ತಿದೆ. ಮೊನ್ನೆ ಮುನ್ನಿಬೀಗೆ ಗುರುತಿಲ್ಲದ ನಂಬರಿನಿಂದ ಒಂದು ಲಗ್ನಪತ್ರಿಕೆ ಬಂದಿತ್ತು. ಒತ್ತುವುದರಲ್ಲಿದ್ದ ಅವಳ ಕೈಯನ್ನು ಅಮರೇಶ್ವರಿ ಹಿಡಿದಳು. "ತಡೀರಿ ಆಪಾ, ಬಾಲ ನೋಡ್ರಿ. ಪತ್ರಿಕೆ ಆದ್ರ ಫೋಟೋ ಇರಬೇಕು, ಇಲ್ಲ ಪಿಡಿಎಫ್ ಇರಬೇಕು. ಇದರ ಕಡೀಗೆ ಎಪಿಕೆ ಐತಿ, ಅಂದ್ರ ಒತ್ತಿದ್ರ ಫೋನಿನೊಳಗ ಹೊಕ್ಕು ಕೂಡೋ ಆ್ಯಪು. ಇದು ಬೀಗರ ವೇಷದಾಗ ಬಂದ ಕಳ್ಳ." ಮುನ್ನಿಬೀ ಅದನ್ನು ಅಳಿಸಿ, "ನಾ ಸೀರಿ ಬ್ಯಾರೆ ಆರಿಸಿ ಇಟ್ಟಿದ್ದೆ," ಎಂದು ಗೊಣಗಿದಳು.

ಭಾನುವಾರಗಳಲ್ಲಿ ಅಮರೇಶ್ವರಿ ಆರ್.ಎಚ್. ಕ್ಯಾಂಪಿಗೆ ಹೋಗಿ ಅನುಪಮಾಳಿಂದ ನಕ್ಷೆ ಮಾಡುವುದನ್ನೇ ಕಲಿಯುತ್ತಿದ್ದಾಳೆ. ಫೋಟೋಗೆ ಬೇರೆ ಹೆಸರಿಟ್ಟು ಹೊಲಿಗೆ ಮಾಡಲಾಗದು ಎಂದು ತಿಳಿದ ಮೇಲೆ, ಹೊಲಿಗೆಯ ದಾರಿಯನ್ನು ಒಂದೊಂದಾಗಿ ತಾನೇ ಹಾಕುವ ಹಟ ಹಿಡಿದಿದ್ದಾಳೆ. ಸಂಘದ ಕಂಪ್ಯೂಟರಿನಲ್ಲಿ ಈಗ ಆ ಸಾಫ್ಟ್‌ವೇರೂ ಇದೆ. ಆದಮ್ಮನ ಹಳೆಯ ಕೌದಿಯೊಂದನ್ನು ಪಕ್ಕದಲ್ಲಿ ಹರಡಿಕೊಂಡು, ಅದರ ಮೇಲಿನ ತೊಟ್ಟಿಲನ್ನು ಪರದೆಯ ಮೇಲೆ ಎಳೆಯುತ್ತಾಳೆ. ಆದಮ್ಮ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕುಳಿತಿರುತ್ತಾಳೆ.

"ತೊಟ್ಟಿಲ ಹಗ್ಗ ಸೊಟ್ಟಾತು, ಬಿಚ್ಚು."

"ಇಲ್ಲಿ ಬಿಚ್ಚಾಕ ದಾರ ಎಲ್ಲೈತಿ ಅತ್ತೀ?"

"ದಾರ ಇಲ್ದ ಹೊಲೀತಿ, ದಾರ ಇಲ್ದ ಬಿಚ್ಚಾಕ ಬರಂಗಿಲ್ಲೇನು? ಬಿಚ್ಚು ಅಂದ್ರ ಬಿಚ್ಚು."

ಅಮರೇಶ್ವರಿ ಬಿಚ್ಚಿ, ಮೊದಲಿನಿಂದ ಹಾಕುತ್ತಾಳೆ.